'ಇಂದ' ಮತ್ತು 'ಗೆ': ಒಬ್ಬರಿಗೆ ಹಲವು ಮಿಂಚಂಚೆ ವಿಳಾಸಗಳಿದ್ದಾಗ

ಪ್ರೌಢಶಾಲೆಯ ಮಕ್ಕಳಿಗೆ ಪತ್ರಲೇಖನವನ್ನು ಬೋಧಿಸುವಾಗ ಕರಿಹಲಗೆಯ ಮೇಲೆ ಮೊದಲು ಬರೆಯುವ ಮಾತುಗಳು ಎರಡು: 'ಇಂದ' ಮತ್ತು 'ಗೆ'. ಇವು ಸ್ವತಂತ್ರ ಪದಗಳಲ್ಲ; ವಿಭಕ್ತಿ ಪ್ರತ್ಯಯಗಳು. 'ಗೆ' ಎಂಬುದು ಚತುರ್ಥಿಗೆ ಸೇರಿದ್ದು. 'ಇಂದ' ಎಂಬುದು ತೃತೀಯೆಗೆ ಸೇರಿದ್ದು. ಹೊರಟ ಸ್ಥಾನವನ್ನು ಹೇಳುವ ಪಂಚಮಿಗೆ ಕೇಶಿರಾಜನು 'ಅತ್ತಣಿಂ' ಎಂಬ ಬೇರೆ ಪ್ರತ್ಯಯವನ್ನೇ ವಿಧಿಸಿದ್ದರೂ ಇಂದಿನ ಬಳಕೆಯಲ್ಲಿ ಆ ಕಾರ್ಯವನ್ನೂ 'ಇಂದ'ವೇ ವಹಿಸಿಕೊಂಡಿದೆ. ಪತ್ರ ಬರೆಯುವವರು 'ಗೆ' ಎಂಬಲ್ಲಿ ಬಹು ಎಚ್ಚರ ವಹಿಸುತ್ತಾರೆ. ವಿಳಾಸ ತಪ್ಪಿದರೆ ಪತ್ರ ತಲುಪದೆಂಬುದು ಸರ್ವವಿದಿತ. 'ಇಂದ' ಎಂಬಲ್ಲಿ ಅಷ್ಟು ಎಚ್ಚರ ಕಾಣದು. ತನ್ನ ಹೆಸರನ್ನು ಯಾರು ತಾನೆ ತಪ್ಪಾಗಿ ಬರೆದಾರು ಎಂಬ ನಂಬಿಕೆ ಅದಕ್ಕೆ ಕಾರಣ. ಕೈಬರೆಹದ ಕಾಲದಲ್ಲಿ ಈ ನಂಬಿಕೆಗೆ ಆಧಾರವಿತ್ತು. ಇ-ಮೇಲ್ ಅಥವಾ ಮಿಂಚಂಚೆಯ ಕಾಲದಲ್ಲಿ ಅದಿಲ್ಲ. ಒಬ್ಬರಿಗೇ ಮೂರು ನಾಲ್ಕು ವಿಳಾಸಗಳಿರುವ ಈ ದಿನಗಳಲ್ಲಿ ಹೆಚ್ಚಿನ ತಪ್ಪು ನಡೆಯುವುದು 'ಇಂದ' ಎಂಬಲ್ಲಿಯೇ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನದೇ ಪ್ರಮಾದದಿಂದ. ಕೆಲವು ವರ್ಷಗಳ ಹಿಂದೆ ಕೆಂಗೇರಿಯ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳ ತಂದೆಯವರು, ಮಗಳ ಹೆಸರು ಶಾಲೆಯ ದಾಖಲೆಯಲ್ಲಿ ತಪ್ಪಾಗಿದೆಯೆಂದು ಶಾಲೆಯ ವಿಳಾಸಕ್ಕೆ ಬರೆದಿದ್ದರು. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರುಗಳನ್ನು ಕಳಿಸುವ ಸಮಯ ಸಮೀಪಿಸಿತ್ತು. ಆ ಪತ್ರಕ್ಕೆ ಉತ್ತರಿಸುವ ಹೊಣೆ ನನ್ನ ಮೇಲೆ ಬಿತ್ತು. ಸಂಜೆ ಮನೆಯ ಗಣಕಯಂತ್ರದಲ್ಲಿ ಕುಳಿತು, ಜನನ ಪ್ರಮಾಣಪತ್ರದ ಪ್ರತಿಯನ್ನು ಕಳಿಸಬೇಕೆಂದು ವಿನಯದಿಂದಲೇ ಬರೆದೆ. ಪತ್ರ ಮಾತ್ರ ಶಾಲೆಯ ಹೆಸರಿನಲ್ಲಿ ಹೋಗದೆ ನನ್ನ ಸ್ವಂತ ವಿಳಾಸದಿಂದ ಹೋಯಿತು. ಅದನ್ನು ನಾನು ಗಮನಿಸಲಿಲ್ಲ. ಅವರು ಮರುದಿನವೇ ಪ್ರತಿಯನ್ನು ಕಳಿಸಿದರು. ಅದು ಸಹಜವಾಗಿ ನನ್ನ ಸ್ವಂತ ಪೆಟ್ಟಿಗೆಗೆ ಬಂದು ಬಿತ್ತು. ದಸರೆಯ ರಜೆಯಲ್ಲಿ ನಾನದನ್ನು ತೆರೆಯಲಿಲ್ಲ. ಕಚೇರಿಯವರು ಉತ್ತರ ಬರಲಿಲ್ಲವೆಂದು ತಿಳಿದರು. ತಿದ್ದುಪಡಿಯ ದಿನ ಮೀರಿತು. ಆ ಬಳಿಕ ಒಂದಕ್ಷರವನ್ನು ಸರಿಪಡಿಸಲು ಆ ತಂದೆಯವರು ಹಲವು ದಿನಗಳ ಕೂಲಿಯನ್ನು ಕಳೆದುಕೊಂಡು ಅಲೆಯಬೇಕಾಯಿತು. ಅವರು ನನ್ನನ್ನು ದೂರಲಿಲ್ಲ. "ತಾವು ಬರೆದಿದ್ದ ವಿಳಾಸಕ್ಕೇ ಕಳಿಸಿದ್ದೆ ಮೇಷ್ಟ್ರೇ" ಎಂದಷ್ಟೇ ಹೇಳಿದರು.

ಆ ಮಾತಿನಲ್ಲಿ ಈ ಪಾಠದ ತಿರುಳೆಲ್ಲವೂ ಅಡಗಿದೆ. ನಾವು ಇಂದು ಬರೆಯುವ 'ಇಂದ'ವೇ ನಾಳೆ ಎದುರಿನವರ 'ಗೆ' ಆಗುತ್ತದೆ. ಆದುದರಿಂದ ಹಲವು ವಿಳಾಸಗಳನ್ನು ಒಂದೇ ಗಣಕಯಂತ್ರದಲ್ಲಿ ಅಚ್ಚುಕಟ್ಟಾಗಿ ನಿರ್ವಹಿಸುವ ಬಗೆಯನ್ನು ವಿದ್ಯಾರ್ಥಿಗಳಿಗೂ ಸಹೋದ್ಯೋಗಿಗಳಿಗೂ ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

1. ವಿಳಾಸದ ಅಂಗರಚನೆ

ನಮ್ಮ ಅಂಚೆ ಇಲಾಖೆ ಪಿನ್ ಕೋಡ್ ಪದ್ಧತಿಯನ್ನು ಜಾರಿಗೆ ತಂದದ್ದು 1972ರ ಆಗಸ್ಟ್ 15ರಂದು. ಇದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ವಿದ್ವಾಂಸರೂ ಆಗಿದ್ದರೆಂಬುದು ಭಾಷೆಯನ್ನು ಓದುವವರಿಗೆ ಅಭಿಮಾನದ ಸಂಗತಿ. ಆರು ಅಂಕಿಗಳಲ್ಲಿ ಮೊದಲ ಮೂರು, ಪತ್ರವನ್ನು ವಿಂಗಡಿಸುವ ಜಿಲ್ಲೆಯನ್ನು ಹೇಳುತ್ತವೆ; ಕೊನೆಯ ಮೂರು, ಬಟವಾಡೆಯ ಅಂಚೆ ಕಚೇರಿಯನ್ನು ಹೇಳುತ್ತವೆ. 560 ಎಂದರೆ ಬೆಂಗಳೂರು. ಅದರ ಮುಂದೆ 010 ಬಂದರೆ ರಾಜಾಜಿನಗರ, 040 ಬಂದರೆ ವಿಜಯನಗರ, 060 ಬಂದರೆ ಕೆಂಗೇರಿ, 079 ಬಂದರೆ ಬಸವೇಶ್ವರನಗರ. ಹಿರಿಯರು ಇಂದಿಗೂ 'ಬೆಂಗಳೂರು-10' ಎಂದು ಬರೆಯುವುದುಂಟು.

ಮಿಂಚಂಚೆಯ ವಿಳಾಸಕ್ಕೂ ಇಂತಹ ಎರಡು ಅಂಗಗಳಿವೆ. ನಡುವೆ 'ಆ್ಯಟ್' ಎಂಬ ಸುರುಳಿ ಚಿಹ್ನೆ ಇರುತ್ತದೆ. ಅದರ ಬಲಭಾಗವು ಸಂಸ್ಥೆಯ ಅಥವಾ ಸೇವೆ ಒದಗಿಸುವವರ ಹೆಸರು. ಎಡಭಾಗವು ಅಲ್ಲಿರುವ ವ್ಯಕ್ತಿಯ ಅಥವಾ ಹುದ್ದೆಯ ಹೆಸರು. ಬಲಭಾಗವನ್ನು ನೋಡಿ ಪತ್ರವು ಯಾವ ಸಂಸ್ಥೆಯ ಯಂತ್ರಕ್ಕೆ ಹೋಗಬೇಕೆಂದು ನಿರ್ಣಯವಾಗುತ್ತದೆ. ಎಡಭಾಗವನ್ನು ಯಾವ ಪೆಟ್ಟಿಗೆಗೆ ಹಾಕಬೇಕೆಂಬುದನ್ನು ಆ ಸಂಸ್ಥೆಯ ಯಂತ್ರವೇ ನಿರ್ಣಯಿಸುತ್ತದೆ. ಈ ಚಿಹ್ನೆಯನ್ನು ಹೀಗೆ ಮೊದಲು ಬಳಸಿದವರು ಅಮೆರಿಕದ ರೇ ಟಾಮ್ಲಿನ್ಸನ್, ಕಾಲ 1971. ಪಿನ್ ಕೋಡಿಗಿಂತ ಒಂದು ವರ್ಷ ಮುಂಚಿನದು.

2. ಮನೆ ಬೇರೆ, ಹೆಸರು ಬೇರೆ

ಹಲವು ವಿಳಾಸಗಳಿವೆ ಎಂಬ ಮಾತಿಗೆ ಎರಡು ಅರ್ಥಗಳಿವೆ. ಇವೆರಡನ್ನು ಬೆರೆಸುವುದರಿಂದಲೇ ಗೊಂದಲ ಹುಟ್ಟುತ್ತದೆ.

ಮೊದಲನೆಯದು ಖಾತೆ. ಖಾತೆ ಎಂದರೆ ಬೇರೆ ಮನೆ. ಅದಕ್ಕೆ ತನ್ನದೇ ಪೆಟ್ಟಿಗೆ, ತನ್ನದೇ ಬೀಗ, ಅಂದರೆ ಗುಪ್ತಪದ, ಇರುತ್ತದೆ. ಶಾಲೆಯ ಖಾತೆ ಒಂದು, ಸ್ವಂತ ಖಾತೆ ಇನ್ನೊಂದು ಎಂದರೆ ಎರಡು ಮನೆಗಳು.

ಎರಡನೆಯದು ಮಾರುಹೆಸರು. ಇಂಗ್ಲಿಷಿನಲ್ಲಿ ಇದನ್ನು 'ಅಲಿಯಾಸ್' ಎನ್ನುತ್ತಾರೆ. ನಮ್ಮ ಹಳೆಯ ದಸ್ತಾವೇಜುಗಳಲ್ಲಿ 'ಉರುಫ್' ಎಂದು ಬರುವುದೂ ಇದೇ. ಇಲ್ಲಿ ಮನೆ ಒಂದೇ, ಪೆಟ್ಟಿಗೆ ಒಂದೇ, ಬೀಗವೂ ಒಂದೇ. ಬಾಗಿಲ ಮೇಲಿನ ಹೆಸರುಗಳು ಮಾತ್ರ ಎರಡು. 2014ರ ನವೆಂಬರ್ 1ರಿಂದ ನಮ್ಮ ನಗರದ ಹೆಸರು ಇಂಗ್ಲಿಷ್ ಬರೆಹದಲ್ಲಿಯೂ 'ಬೆಂಗಳೂರು' ಎಂದಾಯಿತು. ಆದರೂ 'ಬ್ಯಾಂಗಲೋರ್' ಎಂದು ಬರೆದ ಪತ್ರವನ್ನು ಅಂಚೆಯವರು ಹಿಂದಿರುಗಿಸುವುದಿಲ್ಲ. ಎರಡೂ ಹೆಸರುಗಳು ಒಂದೇ ಊರಿಗೆ ಸಲ್ಲುತ್ತವೆ.

ಸಾಹಿತ್ಯದಿಂದ ನಿದರ್ಶನ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ದ. ರಾ. ಬೇಂದ್ರೆಯವರು ಕಾವ್ಯವನ್ನು 'ಅಂಬಿಕಾತನಯದತ್ತ' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 'ಶ್ರೀನಿವಾಸ'ರಾದರು. ಹೆಸರು ಎರಡಾದರೂ ಧಾರವಾಡದ ಸಾಧನಕೇರಿಯ ಮನೆ ಒಂದೇ. ಗವಿಪುರದ ಮನೆಯೂ ಒಂದೇ. ಕಾವ್ಯನಾಮವು ಕವಿಯನ್ನು ಮರೆಮಾಚುವುದಕ್ಕಲ್ಲ. ಆತನು ಯಾವ ಪಾತ್ರದಲ್ಲಿ ನಿಂತು ಮಾತನಾಡುತ್ತಿದ್ದಾನೆ ಎಂಬುದನ್ನು ತಿಳಿಸುವುದಕ್ಕೆ. ಮಿಂಚಂಚೆಯ ಮಾರುಹೆಸರಿನ ಪ್ರಯೋಜನವೂ ಇದೇ. ಒಬ್ಬರೇ ಅಧ್ಯಾಪಕರು ಕನ್ನಡ ವಿಭಾಗದ ಹೆಸರಿನಲ್ಲಿ ಪೋಷಕರಿಗೂ, ಸ್ಮರಣ ಸಂಚಿಕೆಯ ಹೆಸರಿನಲ್ಲಿ ಲೇಖಕರಿಗೂ ಬರೆಯಬಹುದು. ಎರಡು ಬಗೆಯ ಉತ್ತರಗಳೂ ಒಂದೇ ಪೆಟ್ಟಿಗೆಗೆ ಬರುತ್ತವೆ, ಆದರೆ ಬೆರೆಯುವುದಿಲ್ಲ.

ಸಂಸ್ಥೆಯ ಸ್ವಂತ ಹೆಸರಿನ ವಿಳಾಸಗಳಲ್ಲಿ ಮಾರುಹೆಸರನ್ನು ಮಾಡಿಕೊಡುವವರು ಆ ವ್ಯವಸ್ಥೆಯ ನಿರ್ವಾಹಕರು. ಜಿಮೇಲ್‌ನ ಸಾಮಾನ್ಯ ಖಾತೆಯಲ್ಲಿ ಇನ್ನೊಂದು ಸುಲಭೋಪಾಯವಿದೆ. ವಿಳಾಸದ ಎಡಭಾಗದ ಕೊನೆಗೆ ಕೂಡುವ ಚಿಹ್ನೆಯನ್ನು ಹಾಕಿ, 'ಸಂಚಿಕೆ' ಎಂಬಂತಹ ಯಾವುದಾದರೂ ಪದವನ್ನು ರೋಮನ್ ಲಿಪಿಯಲ್ಲಿ ಸೇರಿಸಿದರೂ ಪತ್ರವು ಮೂಲ ಪೆಟ್ಟಿಗೆಗೇ ಬರುತ್ತದೆ. ಎಡಭಾಗದ ನಡುವಣ ಚುಕ್ಕಿಗಳನ್ನಂತೂ ಅದು ಗಣಿಸುವುದೇ ಇಲ್ಲ. ಕೂಡುವ ಚಿಹ್ನೆಯುಳ್ಳ ವಿಳಾಸವನ್ನು ಕೆಲವು ಅರ್ಜಿ ನಮೂನೆಗಳು ಒಪ್ಪುವುದಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು.

3. ಥಂಡರ್‌ಬರ್ಡ್‌ನಲ್ಲಿ ವ್ಯವಸ್ಥೆ

ಗಣಕಯಂತ್ರದಲ್ಲಿ ಕುಳಿತು ಹಲವು ಖಾತೆಗಳ ಅಂಚೆಯನ್ನು ಒಂದೆಡೆ ನೋಡಲು ಅನೇಕ ತಂತ್ರಾಂಶಗಳಿವೆ. ಅವುಗಳಲ್ಲಿ ಥಂಡರ್‌ಬರ್ಡ್ ಉಚಿತವಾದುದು. ಅದರ ಮೊದಲ ಪೂರ್ಣ ಆವೃತ್ತಿ 2004ರ ಡಿಸೆಂಬರಿನಲ್ಲಿ ಹೊರಬಂದಿತು. ಇದರಲ್ಲಿ ಮಾರುಹೆಸರಿಗೆ 'ಐಡೆಂಟಿಟಿ' ಎಂದು ಹೆಸರು. ನಾವಿದನ್ನು 'ಗುರುತು' ಎನ್ನೋಣ. ಕ್ರಮ ಹೀಗಿದೆ:

(ಅ) ಮೆನುವಿನಿಂದ 'ಅಕೌಂಟ್ ಸೆಟ್ಟಿಂಗ್ಸ್' ತೆರೆಯಬೇಕು. ಎಡಗಡೆ ಖಾತೆಗಳ ಪಟ್ಟಿ ಇರುತ್ತದೆ. ಮಾರುಹೆಸರು ಯಾವ ಖಾತೆಗೆ ಸೇರಿದೆಯೋ ಅದನ್ನು ಆರಿಸಬೇಕು. ಬೇರೆ ಮನೆಯೇ ಆಗಿದ್ದರೆ ಇಲ್ಲಿ ಹೊಸ ಖಾತೆಯನ್ನೇ ಸೇರಿಸಬೇಕು.

(ಆ) ಬಲಗಡೆ ಆ ಖಾತೆಯ ಮೂಲ ಗುರುತು ಕಾಣುತ್ತದೆ. ಅಲ್ಲಿಯೇ ಕೆಳಗೆ 'ಮ್ಯಾನೇಜ್ ಐಡೆಂಟಿಟೀಸ್' ಎಂಬ ಗುಂಡಿ ಇದೆ. ಅದನ್ನು ಒತ್ತಿ, 'ಆ್ಯಡ್' ಎಂದರೆ ಹೊಸ ಗುರುತಿನ ಹಾಳೆ ತೆರೆಯುತ್ತದೆ.

(ಇ) ಅದರಲ್ಲಿ ಹೆಸರು, ವಿಳಾಸ, ಸಂಸ್ಥೆ, ಸಹಿಯ ಒಕ್ಕಣೆ ಇವನ್ನು ತುಂಬಬೇಕು. ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಯಾವ ಬಾಧಕವೂ ಇಲ್ಲ. ವಿಳಾಸವೇ ಕನ್ನಡದಲ್ಲಿರಬೇಕೆಂದರೆ, ಅದಕ್ಕೆ 2012ರಲ್ಲಿ ನಿಯಮಗಳು ಸಿದ್ಧವಾಗಿದ್ದರೂ, ಕಳಿಸುವವರ ಮತ್ತು ಪಡೆಯುವವರ ಯಂತ್ರಗಳೆರಡೂ ಅದನ್ನು ಅರಿತಿರಬೇಕಾಗುತ್ತದೆ. ಆದುದರಿಂದ ವಿಳಾಸ ರೋಮನ್ ಲಿಪಿಯಲ್ಲಿ, ಹೆಸರು ಕನ್ನಡದಲ್ಲಿ ಎಂಬುದೇ ಸದ್ಯಕ್ಕೆ ಯುಕ್ತವಾದ ಮಾರ್ಗ.

(ಈ) ಪ್ರತಿಯೊಂದು ಗುರುತಿಗೂ ಬೇರೆ ಬೇರೆ ಸಹಿಯನ್ನು ಇಡಬೇಕು. ಸ್ವಂತ ಪತ್ರಕ್ಕೆ ಹೆಸರು ಮಾತ್ರ ಸಾಕು. ಶಾಲೆಯ ಪತ್ರಕ್ಕೆ ಹುದ್ದೆ, ಶಾಲೆಯ ಹೆಸರು ಅಗತ್ಯ. ಬರೆಯುತ್ತಿರುವಾಗ ಕೆಳಗಿನ ಸಹಿಯನ್ನು ಕಂಡೊಡನೆ ತಾನು ಯಾವ ಗುರುತಿನಲ್ಲಿದ್ದೇನೆಂದು ತಿಳಿಯುತ್ತದೆ.

(ಉ) ಅದೇ ಹಾಳೆಯ 'ಕಾಪೀಸ್ ಆ್ಯಂಡ್ ಫೋಲ್ಡರ್ಸ್' ಎಂಬ ಭಾಗದಲ್ಲಿ, ಕಳಿಸಿದ ಪತ್ರದ ಪ್ರತಿ ಎಲ್ಲಿ ಉಳಿಯಬೇಕೆಂದು ಸೂಚಿಸಬಹುದು. ಶಾಲೆಯ ಪತ್ರಗಳ ಪ್ರತಿ ಶಾಲೆಯ ಖಾತೆಯಲ್ಲಿಯೇ ಉಳಿಯಬೇಕು.

ಇಲ್ಲಿ ಸಹಿಯ ಮಹತ್ತ್ವವನ್ನು ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಶರಣರ ವಚನಗಳ ಕರ್ತೃಗಳನ್ನು ವಿದ್ವಾಂಸರು ಗುರುತಿಸುವುದು ಮುಖ್ಯವಾಗಿ ಅಂಕಿತದಿಂದ. ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ಕಪಿಲಸಿದ್ಧಮಲ್ಲಿಕಾರ್ಜುನ ಎಂದರೆ ಸಿದ್ಧರಾಮ. ನಿಃಕಳಂಕಮಲ್ಲಿಕಾರ್ಜುನ ಎಂದರೆ ಮೋಳಿಗೆಯ ಮಾರಯ್ಯ. ಮೂರರಲ್ಲಿಯೂ ಮಲ್ಲಿಕಾರ್ಜುನನಿದ್ದಾನೆ, ಮುಂದಿನ ವಿಶೇಷಣವನ್ನು ಬಿಟ್ಟರೆ ನುಡಿ ಯಾರದೆಂದು ನಿರ್ಣಯಿಸುವುದು ಕಷ್ಟವಾಗುತ್ತದೆ. ಮಿಂಚಂಚೆಯ ವಿಳಾಸದಲ್ಲಿಯೂ ಒಂದು ಸಣ್ಣ ಪದವೇ ಸಂಸ್ಥೆಯನ್ನೂ ವ್ಯಕ್ತಿಯನ್ನೂ ಬೇರ್ಪಡಿಸುತ್ತದೆ.

4. ಉತ್ತರ ಬರೆಯುವಾಗ

ಹೊಸ ಪತ್ರವನ್ನು ಬರೆಯಲು ಆರಂಭಿಸಿದಾಗ ಮೇಲ್ಭಾಗದಲ್ಲಿ 'ಫ್ರಂ' ಎಂಬ ಸಾಲು ಕಾಣುತ್ತದೆ. ಅದೇ ನಮ್ಮ 'ಇಂದ'. ಅದನ್ನು ಒತ್ತಿದರೆ ಎಲ್ಲ ಗುರುತುಗಳ ಪಟ್ಟಿ ಇಳಿದು ಬರುತ್ತದೆ, ಬೇಕಾದುದನ್ನು ಆರಿಸಿಕೊಳ್ಳಬೇಕು.

ಬಂದ ಪತ್ರಕ್ಕೆ ಉತ್ತರಿಸುವಾಗ ಥಂಡರ್‌ಬರ್ಡ್ ತಾನೇ ಒಂದು ಊಹೆ ಮಾಡುತ್ತದೆ. ಬಂದ ಪತ್ರದ 'ಗೆ' ಎಂಬಲ್ಲಿ ನಮ್ಮ ಯಾವ ವಿಳಾಸವಿತ್ತೋ, ಉತ್ತರದ 'ಇಂದ' ಎಂಬಲ್ಲಿ ಅದನ್ನೇ ಇಡುತ್ತದೆ. ಗುರುತುಗಳನ್ನು ಸರಿಯಾಗಿ ನೋಂದಾಯಿಸಿದ್ದರೆ ಈ ಊಹೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ನನ್ನ ಪ್ರಕರಣದಲ್ಲಿ ಶಾಲೆಯ ವಿಳಾಸಕ್ಕೆ ಬಂದ ಪತ್ರಗಳು ನನ್ನ ಸ್ವಂತ ಪೆಟ್ಟಿಗೆಗೂ ರವಾನೆಯಾಗುತ್ತಿದ್ದವು. ಶಾಲೆಯ ಗುರುತನ್ನು ಮಾತ್ರ ನಾನು ಮನೆಯ ಯಂತ್ರದಲ್ಲಿ ನೋಂದಾಯಿಸಿರಲಿಲ್ಲ. ಗೊತ್ತಿಲ್ಲದ ಹೆಸರನ್ನು ಯಂತ್ರ ತಾನೆ ಹೇಗೆ ಆರಿಸೀತು? ಗೊತ್ತಿದ್ದ ಒಂದೇ ಹೆಸರನ್ನು ಇಟ್ಟಿತು.

ಗುರುತುಗಳು ನೋಂದಾಯಿತವಾಗಿದ್ದರೂ ಊಹೆ ತಪ್ಪುವ ಸಂದರ್ಭಗಳುಂಟು. ಹಲವರಿಗೆ ಕಳಿಸುವಾಗ ಅವರ ವಿಳಾಸಗಳನ್ನು ಮರೆಯಲ್ಲಿಡುವ 'ಬಿಸಿಸಿ' ಎಂಬ ಕ್ರಮವಿದೆ. ಹಾಗೆ ಬಂದ ಪತ್ರದ 'ಗೆ' ಎಂಬಲ್ಲಿ ನಮ್ಮ ವಿಳಾಸವೇ ಇರುವುದಿಲ್ಲ. ಲಕೋಟೆಯ ಮೇಲಿನ ವಿಳಾಸ ಬೇರೆ, ಒಳಗಿನ ಕಾಗದದ ತಲೆಬರೆಹ ಬೇರೆ ಎಂಬಂತೆ ಇದು. ಆದರೆ ಅಂಚೆಯವರು ಒತ್ತುವ ಮುದ್ರೆಯಂತೆ ಬಟವಾಡೆ ಮಾಡಿದ ಯಂತ್ರವೂ ಪತ್ರದ ತಲೆಯಲ್ಲಿ ಕೆಲವು ಗುರುತಿನ ಸಾಲುಗಳನ್ನು ಬಿಡುವುದುಂಟು. ಗುರುತಿನ ಹಾಳೆಯಲ್ಲಿ, ಆ ಸಾಲುಗಳು ಹೊಂದಿಕೆಯಾದರೆ ಈ ಗುರುತಿನಿಂದಲೇ ಉತ್ತರಿಸಬೇಕೆಂದು ಸೂಚಿಸುವ ಅನುಕೂಲ ಇತ್ತೀಚಿನ ಆವೃತ್ತಿಗಳಲ್ಲಿದೆ.

'ರಿಪ್ಲೈ-ಟು' ಎಂಬ ಇನ್ನೊಂದು ಸಾಲಿದೆ. ಪತ್ರ ಒಬ್ಬರಿಂದ ಹೋಗಿ, ಉತ್ತರ ಮಾತ್ರ ಬೇರೊಂದು ವಿಳಾಸಕ್ಕೆ ಬರಬೇಕೆಂದಿದ್ದರೆ ಅಲ್ಲಿ ಆ ವಿಳಾಸವನ್ನು ಬರೆಯಬೇಕು. ಮುಖ್ಯೋಪಾಧ್ಯಾಯರ ಹೆಸರಿನಲ್ಲಿ ಸುತ್ತೋಲೆ ಹೋಗಿ, ಉತ್ತರಗಳು ಕಚೇರಿಗೆ ಬರಬೇಕಾದಾಗ ಇದು ಉಪಯುಕ್ತ.

5. ಬಂದ ಪತ್ರಗಳ ವಿಂಗಡಣೆ

ಒಂದೇ ಪೆಟ್ಟಿಗೆಗೆ ಹಲವು ಹೆಸರುಗಳ ಪತ್ರಗಳು ಬಂದಾಗ ಅವನ್ನು ಬೇರ್ಪಡಿಸಬೇಕು. ಅಂಚೆ ಕಚೇರಿಯಲ್ಲಿ ಪಿನ್ ಕೋಡನ್ನು ನೋಡಿ ಗೂಡುಗಳಿಗೆ ಹಾಕುವಂತೆ ಇಲ್ಲಿಯೂ ಮಾಡಬಹುದು. 'ಟೂಲ್ಸ್' ಎಂಬುದರ ಅಡಿಯಲ್ಲಿ 'ಮೆಸೇಜ್ ಫಿಲ್ಟರ್ಸ್' ಇದೆ. 'ಗೆ' ಎಂಬಲ್ಲಿ ಸಂಚಿಕೆಯ ವಿಳಾಸವಿದ್ದರೆ ಸಂಚಿಕೆಯ ಕಡತಕ್ಕೆ, ವಿಭಾಗದ ವಿಳಾಸವಿದ್ದರೆ ವಿಭಾಗದ ಕಡತಕ್ಕೆ ಹೋಗಲಿ ಎಂದು ಅಲ್ಲಿ ವಿಧಿಸಬೇಕು. ಥಂಡರ್‌ಬರ್ಡ್ ತೆರೆದಿರುವಾಗ ಮಾತ್ರ ಈ ವಿಂಗಡಣೆ ನಡೆಯುತ್ತದೆ. ಯಂತ್ರವನ್ನು ಮುಚ್ಚಿ ರಜೆಗೆ ಹೋದರೆ ಪತ್ರಗಳು ಮುಖ್ಯ ಪೆಟ್ಟಿಗೆಯಲ್ಲಿಯೇ ರಾಶಿ ಬೀಳುತ್ತವೆ. ಸದಾ ನಡೆಯಬೇಕೆಂದರೆ ಸೇವೆ ಒದಗಿಸುವವರ ಜಾಲತಾಣದಲ್ಲಿಯೇ ವಿಧಿಸಬೇಕು. ಕಡತಗಳನ್ನು ಹೆಚ್ಚಿಸಿಕೊಂಡು ತೆರೆಯದೆ ಇರುವುದಕ್ಕಿಂತ, ಎರಡೇ ಕಡತಗಳನ್ನು ಇಟ್ಟುಕೊಂಡು ದಿನವೂ ನೋಡುವುದು ಮೇಲು.

6. ಮಾರುಹೆಸರು ವೇಷವಲ್ಲ

'ಫ್ರಂ' ಎಂಬಲ್ಲಿ ಬೇಕಾದುದನ್ನು ಬರೆಯಬಹುದಾದರೆ ಪರರ ಹೆಸರನ್ನೂ ಬರೆಯಬಹುದಲ್ಲವೇ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಆರಂಭದ ದಿನಗಳಲ್ಲಿ ಮಿಂಚಂಚೆಗೆ ಇಂತಹ ಕಾವಲು ಇರಲಿಲ್ಲ. ಈಗ ಮೂರು ಕಾವಲುಗಳಿವೆ. ಎಸ್‌ಪಿಎಫ್ ಎಂಬುದು ಒಂದು ಸಂಸ್ಥೆಯ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆಯೆಂದು ಆ ಸಂಸ್ಥೆ ಬಹಿರಂಗವಾಗಿ ಪ್ರಕಟಿಸುವ ಪಟ್ಟಿ. ಡಿಕೆಐಎಂ ಎಂಬುದು ಪತ್ರಕ್ಕೆ ಒತ್ತುವ ಅರಗಿನ ಮುದ್ರೆಯಂತಹುದು. ದಾರಿಯಲ್ಲಿ ತಿದ್ದಿದರೆ ಮುದ್ರೆ ಒಡೆಯುತ್ತದೆ. ಇವು ತಾಳೆಯಾಗದಿದ್ದಾಗ ಪತ್ರವನ್ನು ಏನು ಮಾಡಬೇಕೆಂದು ಸಂಸ್ಥೆ ನೀಡುವ ನಿರೂಪವೇ ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಈ ವಿಷಯದಲ್ಲಿ ಬಿಗಿಯಾದ ನಿಯಮಗಳನ್ನು ತಂದಿವೆ.

ಇದರಿಂದ ಪ್ರಾಮಾಣಿಕರಿಗೂ ಒಂದು ಎಚ್ಚರಿಕೆ ಇದೆ. ಶಾಲೆಯ ಗುರುತನ್ನು ಸ್ವಂತ ಖಾತೆಯಡಿಯಲ್ಲಿ ಸುಮ್ಮನೆ ಬರೆದುಕೊಂಡು, ಸ್ವಂತ ಖಾತೆಯ ಯಂತ್ರದ ಮೂಲಕವೇ ಕಳಿಸಿದರೆ ಪಟ್ಟಿಗೂ ಪತ್ರಕ್ಕೂ ತಾಳೆಯಾಗದೆ ಅದು ಕಸದ ಪೆಟ್ಟಿಗೆಗೆ ಬೀಳಬಹುದು. ಜಿಮೇಲ್ ಆದರೋ, ತನ್ನಲ್ಲಿ ಮೊದಲೇ ದೃಢೀಕರಿಸದ ವಿಳಾಸವನ್ನು 'ಇಂದ' ಎಂಬಲ್ಲಿಂದ ತೆಗೆದು ಮೂಲ ವಿಳಾಸವನ್ನೇ ಇಟ್ಟುಬಿಡುತ್ತದೆ. ಆದುದರಿಂದ ಪ್ರತಿ ಗುರುತಿಗೂ 'ಔಟ್‌ಗೋಯಿಂಗ್ ಸರ್ವರ್' ಎಂಬಲ್ಲಿ ಆಯಾ ಸಂಸ್ಥೆಯ ಯಂತ್ರವನ್ನೇ ಆರಿಸಬೇಕು. ಆರಿಸಿದ ಮೇಲೆ ತನಗೆ ತಾನೇ ಒಂದು ಪತ್ರ ಕಳಿಸಿ ಪರೀಕ್ಷಿಸಬೇಕು.

7. ಹುದ್ದೆಯ ವಿಳಾಸ ಏಕೆ ಬೇಕು?

ಇಷ್ಟು ಶ್ರಮವೇಕೆ, ಎಲ್ಲವನ್ನೂ ಸ್ವಂತ ವಿಳಾಸದಿಂದಲೇ ನಡೆಸಬಾರದೇ ಎಂದು ಕೆಲವು ಸಹೋದ್ಯೋಗಿಗಳು ಕೇಳುವುದುಂಟು. ಮಠದ ಆಶ್ರಯದಲ್ಲಿ ಬೆಳೆದ ನಮಗೆ ಉತ್ತರ ಕಣ್ಣೆದುರಿಗೇ ಇದೆ. ಪೀಠ ಸ್ಥಿರವಾದುದು, ಪೀಠಸ್ಥರಾಗುವವರು ಕಾಲಕ್ರಮದಲ್ಲಿ ಬೇರೆಯಾಗುತ್ತಾರೆ. ಪೀಠಕ್ಕೆ ಬಂದ ಬಿನ್ನಹ ಪೀಠದ ಕಡತದಲ್ಲಿರುತ್ತದೆ. ಶಾಲೆಯೂ ಹಾಗೆಯೇ. ನಾನು ಇನ್ನು ಕೆಲವು ವರ್ಷಗಳಲ್ಲಿ ನಿವೃತ್ತನಾಗುವವನು. ಹತ್ತು ವರ್ಷಗಳ ಹಿಂದೆ ಓದಿ ಹೋದ ಹುಡುಗನೊಬ್ಬ ಪ್ರಮಾಣಪತ್ರಕ್ಕಾಗಿ ಬರೆದಾಗ, ಆ ಪತ್ರ ನನ್ನ ಮುಚ್ಚಿದ ಪೆಟ್ಟಿಗೆಗೆ ಬೀಳಬಾರದು. ನನ್ನ ಸ್ಥಾನದಲ್ಲಿ ಕುಳಿತವರ ಮೇಜಿಗೆ ಬರಬೇಕು. ಹುದ್ದೆಯ ಹೆಸರಿನಲ್ಲಿ ಬರೆದದ್ದು ಸಂಸ್ಥೆಯ ಆಸ್ತಿ. ಸ್ವಂತ ಹೆಸರಿನಲ್ಲಿ ಬರೆದದ್ದು ವ್ಯಕ್ತಿಯೊಡನೆ ಹೋಗಿಬಿಡುತ್ತದೆ.

ಆ ಪ್ರಮಾದದ ಬಳಿಕ ಪ್ರತಿ ಪತ್ರವನ್ನೂ ಕಳಿಸುವ ಮೊದಲು ಮೂರು ಸಾಲುಗಳನ್ನು ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ: 'ಇಂದ', 'ಗೆ', ಕೊನೆಗೆ ಸಹಿ. ಮೂರೂ ಒಂದೇ ಮಾತನ್ನು ಹೇಳಿದರೆ ಮಾತ್ರ ಪತ್ರ ಹೊರಡುತ್ತದೆ. ಇದಕ್ಕೆ ತಗಲುವುದು ಕೆಲವೇ ಕ್ಷಣಗಳು. ತಪ್ಪಿದರೆ ಬಡ ತಂದೆಯೊಬ್ಬರ ಹಲವು ದಿನಗಳ ದುಡಿಮೆ ಹೋಗುತ್ತದೆ. ವಿದ್ಯಾರ್ಥಿಗಳು ಈ ಅಭ್ಯಾಸವನ್ನು ಎಳವೆಯಲ್ಲಿಯೇ ರೂಢಿಸಿಕೊಳ್ಳಲೆಂದು ಆಶಿಸುತ್ತೇನೆ.

ಅಭ್ಯಾಸ

1. ಖಾತೆಗೂ ಮಾರುಹೆಸರಿಗೂ ಇರುವ ಭೇದವನ್ನು ಸ್ವಂತ ನಿದರ್ಶನದೊಡನೆ ವಿವರಿಸಿರಿ.
2. 'ಬಿಸಿಸಿ' ಕ್ರಮದಲ್ಲಿ ಬಂದ ಪತ್ರಕ್ಕೆ ಉತ್ತರಿಸುವಾಗ ವಿಶೇಷ ಎಚ್ಚರ ಏಕೆ ಬೇಕು?
3. ನಿಮ್ಮ ತರಗತಿಯ ನಾಯಕರಾಗಿ ಒಂದು, ಮನೆಯ ಮಗ ಅಥವಾ ಮಗಳಾಗಿ ಒಂದು, ಹೀಗೆ ಎರಡು ಸಹಿಗಳನ್ನು ರಚಿಸಿರಿ.
4. ಮನೆಯ ಹಿರಿಯರ ಮಿಂಚಂಚೆಯಲ್ಲಿ ಎಷ್ಟು ವಿಳಾಸಗಳಿವೆ, ಯಾವುದನ್ನು ಯಾವ ಕೆಲಸಕ್ಕೆ ಕೊಟ್ಟಿದ್ದಾರೆ ಎಂಬುದನ್ನು ಅವರ ಅನುಮತಿ ಪಡೆದು ಪಟ್ಟಿ ಮಾಡಿಕೊಡಿರಿ. ಗುಪ್ತಪದಗಳನ್ನು ಕೇಳಬೇಡಿರಿ, ಬರೆಯಬೇಡಿರಿ.